ಸದ್ಯದ ಮೂಲೆ

ಬೆಳಿಗ್ಗೆ ಗೋದಾಮಿಗೆ ಕಾಲಿಟ್ಟಾಗಿನಿಂದ ಅವಳು ಮೂರು ಸಲ ಚೀಲ ತೆರೆದು ವರದಿ ಇದೆಯೇ ಎಂದು ನೋಡಿಕೊಂಡಿದ್ದಳು. ಇತ್ತು. ನೀಲಿ ರಟ್ಟಿನ, ಬೆನ್ನಿಗೆ ಸುರುಳಿ ತಂತಿ ಹಾಕಿಸಿದ ಎಂಬತ್ತಾರು ಪುಟದ ವರದಿ ತಾನಾಗಿ ಎದ್ದು ಎಲ್ಲಿಗೂ ಹೋಗುವಂಥದ್ದಲ್ಲ. ಆದರೂ ನಾಲ್ಕನೆಯ ಸಲ ಜಿಪ್ಪು ಎಳೆದಳು. ಮಧ್ಯಾಹ್ನ ಎರಡಕ್ಕೆ ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆ. ಅದೊಂದು ದಾಟಿದರೆ ಲಾಜಿಸ್ಟಿಕ್ಸ್ ಮ್ಯಾನೇಜ್‌ಮೆಂಟಿನ ಪದವಿ ಕೈಗೆ ಬಂದಂತೆ, ಅದೂ ನಲವತ್ತೊಂದನೆಯ ವಯಸ್ಸಿನಲ್ಲಿ. ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ನೀರೆತ್ತುವ ಪಂಪುಗಳ ಬಿಡಿಭಾಗ ತುಂಬಿದ ಈ ಗೋದಾಮಿನಲ್ಲಿ ಅವಳು ಹದಿನಾಲ್ಕು ವರ್ಷದಿಂದ ರವಾನೆ ಗುಮಾಸ್ತೆ. ಯಾವ ಪೆಟ್ಟಿಗೆ ಯಾವ ಲಾರಿಗೆ ಎಂದು ಬರೆಯುವುದು ಅವಳ ಕೆಲಸ. ಮೂರು ವರ್ಷದಿಂದ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕಾಲೇಜು, ಹತ್ತೂವರೆಗೆ ಗೋದಾಮು, ನಡುವಿನ ಅರ್ಧ ಗಂಟೆ ಬಸ್ಸಿನ ಕಂಬಕ್ಕೆ ಒರಗಿಕೊಂಡು ನಿದ್ದೆ.

ಮೊದಲ ದಿನದ ನೆನಪು ಈಗಲೂ ಅವಳ ಕಿವಿಯನ್ನು ಬಿಸಿ ಮಾಡುತ್ತದೆ. ಇಸ್ತ್ರಿ ಹಾಕಿದ ಸೀರೆ ಉಟ್ಟು, ಹೊಸ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ತರಗತಿಯ ಬಾಗಿಲಲ್ಲಿ ನಿಂತದ್ದೇ ತಡ, ಅರವತ್ತು ಮಂದಿ ಹುಡುಗ ಹುಡುಗಿಯರು ದಡಬಡಿಸಿ ಎದ್ದುನಿಂತು ‘ಗುಡ್ ಮಾರ್ನಿಂಗ್ ಮೇಡಂ’ ಎಂದಿದ್ದರು. ಅವಳು ಏನು ಮಾಡಬೇಕೆಂದು ತಿಳಿಯದೆ ‘ಕೂತ್ಕೊಳ್ಳಿ’ ಅಂದುಬಿಟ್ಟಿದ್ದಳು. ಕೂತರು. ಆಮೇಲೆ ಅವಳೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತಾಗ ಎದ್ದ ನಗು, ನಿಜವಾದ ಮೇಷ್ಟ್ರು ಬಂದು ಎರಡು ಸಲ ಮೇಜು ಕುಟ್ಟಿದರೂ ನಿಂತಿರಲಿಲ್ಲ. ಅಂದಿನಿಂದ ಅವಳು ಮೇಡಂ. ಹುಡುಗರು ನೋಟ್ಸ್ ಕೇಳುವುದೂ ಮೇಡಂ ಅಂತಲೇ, ಬಸ್ಸಿನಲ್ಲಿ ಸೀಟು ಬಿಡುವುದೂ ಹಾಗೆಯೇ. ಮೇಜು ಕುಟ್ಟಿದ ಮೇಷ್ಟ್ರಿಗೂ ಹುಡುಗರು ಹೆಸರಿಟ್ಟಿದ್ದರು. ಮಾತೆತ್ತಿದರೆ ದಾಖಲೆ ಅನ್ನುತ್ತಿದ್ದುದರಿಂದ ದಾಖಲೆ ಮೇಷ್ಟ್ರು. ‘ಕಣ್ಣು ಮೋಸ ಮಾಡುತ್ತೆ, ದಾಖಲೆ ಮಾಡಲ್ಲ. ನೋಡಿದ್ದನ್ನ ಬಿಡಿ, ಬರೆದಿಟ್ಟದ್ದನ್ನ ಎಣಿಸಿ’ ಎಂದು ಅವರು ಹೇಳುತ್ತಿದ್ದರೆ ಅವಳು ಭಕ್ತಿಯಿಂದ ಬರೆದುಕೊಳ್ಳುತ್ತಿದ್ದಳು. ಪಾಠವೆಂದರೆ ಅವಳಿಗೆ ನಿಜವಾಗಿ ಖುಷಿ. ಹದಿನಾಲ್ಕು ವರ್ಷ ತಾನು ಬೆವರು ಸುರಿಸಿ ಮಾಡಿದ್ದಕ್ಕೆಲ್ಲ ಒಂದೊಂದು ಹೆಸರಿದೆ, ಪುಸ್ತಕದಲ್ಲಿ ಅದಕ್ಕೆ ಚಿತ್ರವೂ ಇದೆ ಎಂದು ಗೊತ್ತಾದಾಗ ಅವಳು ಗ್ರಂಥಾಲಯದಲ್ಲಿ ಒಬ್ಬಳೇ ನಕ್ಕಿದ್ದಳು.

ವರದಿಯ ನಾಲ್ಕನೆಯ ಅಧ್ಯಾಯವೇ ಅದರ ಜೀವ ಎಂದು ದಾಖಲೆ ಮೇಷ್ಟ್ರು ಹೇಳಿದ್ದರು. ‘ದಾಖಲೆಯಿಲ್ಲದ ದಾಸ್ತಾನು: ಒಂದು ಮೂಲೆಯ ಅಧ್ಯಯನ.’ ಆ ಮೂಲೆ ಇಲ್ಲೇ, ಅವಳ ಮೇಜಿನಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಗೋದಾಮಿನ ಹದಿನೆಂಟು ಸಾಲುಗಳಿಗೂ ಸಂಖ್ಯೆಯಿದೆ, ಅದಕ್ಕಿಲ್ಲ. ಚೀಟಿ ಕಿತ್ತುಹೋದ ಪೆಟ್ಟಿಗೆ, ಯಾವ ಯಂತ್ರದ್ದೆಂದು ತಿಳಿಯದ ತಿರುಪು, ಒಂದೇ ಬಂದ ಜೋಡಿ, ಎಲ್ಲವೂ ಅಲ್ಲಿಗೆ. ‘ಸದ್ಯಕ್ಕೆ ಅಲ್ಲಿಡಪ್ಪಾ’ ಎಂದು ಹಮಾಲರಿಗೆ ಹೇಳಿ ಹೇಳಿ ಅದು ಸದ್ಯದ ಮೂಲೆಯಾಗಿತ್ತು. ಅದರ ಒಡೆಯ ಗೋದಾಮಣ್ಣ. ಅವನ ನಿಜವಾದ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಹೊರಬರುತ್ತಿತ್ತು. ಐವತ್ತೊಂಬತ್ತು ವರ್ಷ, ದೊಡ್ಡ ಹೊಟ್ಟೆ, ಸಣ್ಣ ಪಾದ. ಕಂಪ್ಯೂಟರಿನ ಕಡೆ ತಲೆ ಹಾಕಿಯೂ ಮಲಗದ ಅವನು ಯಾವ ವಸ್ತು ಎಲ್ಲಿದೆಯೆಂದು ಮೈಯ ಅಳತೆಯಲ್ಲಿ ಹೇಳುತ್ತಿದ್ದ: ಏಳನೇ ಸಾಲು, ಎಡಗಡೆ, ಮೊಣಕಾಲ ಮಟ್ಟ. ಹೊಸಬಳಾಗಿ ಬಂದಾಗ ಬೇರಿಂಗು ಯಾವುದು, ಬುಷ್ ಯಾವುದು ಎಂದು ಅವಳ ಅಂಗೈಯಲ್ಲಿಟ್ಟು ಕಲಿಸಿದವನೂ ಅವನೇ. ಮೂಲೆಗೆ ಏನೇ ಬಂದರೂ ರಟ್ಟಿನ ತುಂಡಿನ ಮೇಲೆ ವಸ್ತು, ತಾರೀಖು ಬರೆದು, ಕೆಳಗೆ ‘ಸದ್ಯ’ ಎಂದು ಬರೆದು ತಂತಿಗೆ ಚುಚ್ಚುತ್ತಿದ್ದ. ‘ಅಣ್ಣಾ, ಆ ಚೀಟಿಗಳನ್ನ ಸ್ವಲ್ಪ ಕೊಡ್ತೀರಾ, ಕಾಲೇಜಿಗೆ ಬೇಕಿತ್ತು’ ಎಂದು ಅವಳು ಕೇಳಿದಾಗ ಇಡೀ ವರ್ಷದ್ದನ್ನು ತಂತಿ ಸಮೇತ ಕೊಟ್ಟು, ‘ಹುಷಾರು, ಮೂಲೆ ಮಡಚಬೇಡ’ ಅಂದಿದ್ದ. ಆಮೇಲೆ ವಾರವಿಡೀ ಕಂಡಕಂಡ ಲಾರಿ ಚಾಲಕರಿಗೆಲ್ಲ ತನ್ನ ಚೀಟಿ ಯೂನಿವರ್ಸಿಟಿಗೆ ಹೋಗಿದೆ ಎಂದು ಹೇಳಿಕೊಂಡು ತಿರುಗಿದ್ದ.

ಊಟದ ಮೇಜಿನ ಮೇಲೆ ಹರಡಿಕೊಂಡು ಅವಳು ಎಣಿಸಿದ್ದಳು. ನಾನ್ನೂರ ಹನ್ನೆರಡು ಚೀಟಿ. ಅಂದರೆ ಒಂದೇ ವರ್ಷದಲ್ಲಿ ನಾನ್ನೂರ ಹನ್ನೆರಡು ವಸ್ತು ಒಳಗೆ ಹೋಗಿವೆ, ಒಂದೂ ಹೊರಗೆ ಬಂದ ದಾಖಲೆಯಿಲ್ಲ. ಮೂಲೆಯಲ್ಲಿ ಯಾವತ್ತೂ ಏಳೆಂಟು ಪೆಟ್ಟಿಗೆಗಿಂತ ಹೆಚ್ಚು ಕಂಡದ್ದಿಲ್ಲವಲ್ಲ ಎಂಬ ಅನುಮಾನ ಮನಸ್ಸಿನಲ್ಲಿ ಸುಳಿದಾಗ, ಕಣ್ಣು ಮೋಸ ಮಾಡುತ್ತದೆ ಎಂದು ಅದರ ಬಾಯಿ ಮುಚ್ಚಿಸಿದ್ದಳು. ಅದೇ ವಸ್ತು ಹತ್ತು ದಿನದಲ್ಲಿ ಎರಡೆರಡು ಸಲ ಮೂಲೆ ಸೇರಿರುವುದನ್ನು ಕಂಡು, ಇದು ಗಂಭೀರ ಎಂದು ಬರೆದು, ಕೆಂಪು ಬಣ್ಣದ ನಕ್ಷೆಯನ್ನೂ ಹಾಕಿದ್ದಳು. ಕೊನೆಯ ಸಾಲು ಬರೆಯುವಾಗ ಕೈ ತುಸು ತಡೆದಿತ್ತು: ‘ಈ ವ್ಯವಸ್ಥೆ ಒಬ್ಬ ವ್ಯಕ್ತಿಯ ತಲೆಯ ಮೇಲೆ ನಿಂತಿದೆ. ಮೂಲೆಯನ್ನು ತೆಗೆಯುವುದು ಲೇಸು.’ ಆದರೂ ಬರೆದಳು. ಬರೆದದ್ದಷ್ಟೇ ಅಲ್ಲ, ಮ್ಯಾನೇಜರ್ ಕೇಳಿದಾಗ ಬಾಯಿಬಿಟ್ಟು ಹೇಳಿಯೂ ಹೇಳಿದಳು. ಮ್ಯಾನೇಜರ್ ಮೂಗಿನ ಮೇಲಿನ ಕನ್ನಡಕ ಸರಿಸಿ, ‘ನಾನ್ನೂರಾ? ಸರಿ ಹಾಗಾದ್ರೆ. ನಿನ್ನ ಪರೀಕ್ಷೆ ಮುಗೀಲಿ, ವರದಿ ನನ್ನ ಮೇಜಿಗೆ ಬರಲಿ. ಅಣ್ಣನ್ನ ಗೇಟಿಗೆ ಹಾಕೋಣ, ಮೂಲೆ ಖಾಲಿ ಮಾಡಿಸೋಣ, ಒಳಗಿನ ಉಸ್ತುವಾರಿ ನೀನೇ ನೋಡ್ಕೋ’ ಅಂದಿದ್ದ. ಆ ರಾತ್ರಿ ಅವಳಿಗೆ ಊಟ ಸೇರಿರಲಿಲ್ಲ. ಬೆಳಿಗ್ಗೆಯ ಹೊತ್ತಿಗೆ ಸೇರಿತ್ತು. ತನ್ನದೇನೂ ತಪ್ಪಿಲ್ಲ, ಲೆಕ್ಕ ಹೇಳುತ್ತಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಹನ್ನೆರಡೂವರೆಗೆ ಹೊರಡಬೇಕು. ಹನ್ನೆರಡು ಗಂಟೆಗೆ ಮೂಲೆಯ ಕಡೆಯಿಂದ ಗೋದಾಮಣ್ಣನ ಕೂಗು ಕೇಳಿತು. ‘ಸದ್ಯ! ಸಿಕ್ತಲ್ಲಪ್ಪಾ ಪುಣ್ಯಾತ್ಮ!’ ಬಟ್ಟೆ ಒಗೆಯುವ ಯಂತ್ರದ ಬಾಗಿಲಿನ ರಬ್ಬರು ಒಂದು ವಾರದಿಂದ ಅಲ್ಲಿ ಅನಾಥವಾಗಿ ಬಿದ್ದಿತ್ತು. ಅದರ ಯಂತ್ರ ಯಾವುದೆಂದು ಈಗ ಗೊತ್ತಾಗಿ ಅದನ್ನು ಹಮಾಲನ ಕೈಗೆ ಕೊಟ್ಟು ಕಳಿಸಿದ. ಅವಳು ಹೋಗಿಬರುತ್ತೇನೆಂದು ಹೇಳಲು ಅಲ್ಲಿಗೆ ನಡೆದಳು. ಗೋದಾಮಣ್ಣ ಒಂದು ರಟ್ಟಿನ ತುಂಡಿನ ಮೇಲೆ ಬರೆಯುತ್ತಿದ್ದ. ಬಾಗಿಲಿನ ರಬ್ಬರು. ಇವತ್ತಿನ ತಾರೀಖು. ಸದ್ಯ. ಬರೆದು ತಂತಿಗೆ ಚುಚ್ಚಿದ.

‘ಅಣ್ಣಾ, ಇದೇನು ಬರೆದ್ರಿ?’

‘ಸದ್ಯ ಅಂತ.’

‘ಸದ್ಯ ಅಂದ್ರೆ, ಸದ್ಯಕ್ಕೆ ಇಲ್ಲಿರಲಿ ಅಂತ ತಾನೇ?’

‘ಅದು ಬಂದಾಗಮ್ಮ. ಇದು ಹೋಗೋವಾಗ. ಸದ್ಯ, ತೊಲಗಿತಲ್ಲ ಅಂತ.’

‘ಎರಡಕ್ಕೂ ಒಂದೇ ಬರೀತೀರಾ?’

‘ಎರಡೂ ಸದ್ಯನೇ ಅಲ್ವೇನೇ?’ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಯಾವುದು ಯಾವ ಸದ್ಯ ಅಂತ ನಂಗೆ ಗೊತ್ತಾಗುತ್ತಲ್ಲ.’

ಗೋದಾಮಣ್ಣ ಅವಳ ಮುಖ ನೋಡಿ, ‘ಯಾಕೆ ಹೀಗೆ ಬಿಳಿಚ್ಕೊಂಡಿದ್ದೀಯಾ? ಪರೀಕ್ಷೆಗಾ? ನನ್ನ ಚೀಟಿ ಇದೆಯಲ್ಲ ಜೊತೆಗೆ, ಹೆದರ್ಬೇಡ. ಗೆದ್ಕೊಂಡು ಬಾ’ ಎಂದು ಬೆನ್ನು ತಟ್ಟಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವಳು ವರದಿಯ ಹಿಂದಿನ ಪುಟಗಳನ್ನು ತೆರೆದು, ನಾನ್ನೂರ ಹನ್ನೆರಡು ಸಾಲುಗಳ ಪಟ್ಟಿಯಲ್ಲಿ ಪೆನ್ಸಿಲಿನಿಂದ ಜೋಡಿ ಹಾಕತೊಡಗಿದಳು. ಪಂಪಿನ ವಾಲ್ವು, ಮೂರನೇ ತಾರೀಖು ಸದ್ಯ. ಪಂಪಿನ ವಾಲ್ವು, ಎಂಟನೇ ತಾರೀಖು ಸದ್ಯ. ಬಂತು, ಹೋಯಿತು. ಮಿಕ್ಸಿಯ ಮುಚ್ಚಳ, ಬಂತು, ಹೋಯಿತು. ಬಸ್ಸು ಕುಲುಕಿದಾಗಲೆಲ್ಲ ಗೆರೆ ಅಡ್ಡಾದಿಡ್ಡಿ ಹೋಗುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಇವಳು ಯಾರ ಉತ್ತರ ಪತ್ರಿಕೆ ತಿದ್ದುತ್ತಿದ್ದಾಳೋ ಎಂದು ಬಗ್ಗಿ ನೋಡಿ, ‘ಟೀಚರಾ?’ ಎಂದು ಕೇಳಿದಳು. ಅಲ್ಲ ಅನ್ನಲೂ ಅವಳಿಗೆ ಪುರುಸೊತ್ತಿರಲಿಲ್ಲ. ಬಂದದ್ದು ಇನ್ನೂರ ಒಂಬತ್ತು, ಹೋದದ್ದು ಇನ್ನೂರ ಮೂರು. ಉಳಿದದ್ದು ಬರೀ ಆರು. ಹೋದವುಗಳಲ್ಲಿ ಹೆಚ್ಚಿನವು ಒಂಬತ್ತು ದಿನದೊಳಗೆ ತಮ್ಮ ತಮ್ಮ ಮನೆ ಸೇರಿದ್ದವು. ಸಂಖ್ಯೆಯಿರುವ ಸಾಲುಗಳಲ್ಲಿ ಮಾಲು ನಾಲ್ಕು ತಿಂಗಳು ಧೂಳು ತಿನ್ನುತ್ತದೆ ಎಂದು ಅದೇ ವರದಿಯ ಮೂರನೆಯ ಅಧ್ಯಾಯದಲ್ಲಿ ಅವಳೇ ಬರೆದಿದ್ದಳು. ಅಂದರೆ ಇಡೀ ಗೋದಾಮಿನಲ್ಲಿ ಚುರುಕಾಗಿ ನಡೆಯುತ್ತಿದ್ದ ಜಾಗ ಅದೊಂದೇ, ತಾನು ಮುಚ್ಚಿಸಹೊರಟದ್ದೂ ಅದನ್ನೇ. ಅವಳಿಗೆ ಅತ್ತೆಯ ಅಡುಗೆಮನೆ ನೆನಪಾಯಿತು. ಎರಡನೆಯ ವರ್ಷದಲ್ಲಿ, ಹೆಚ್ಚು ಬಳಸುವ ವಸ್ತು ಕೈಗೆ ಹತ್ತಿರವಿರಬೇಕು ಎಂಬ ಪಾಠ ಕೇಳಿದ ಹುರುಪಿನಲ್ಲಿ ಒಂದು ಭಾನುವಾರ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿದ್ದಳು. ಎರಡು ದಿನ ಮನೆಯವರೆಲ್ಲ ಉಪ್ಪಿಲ್ಲದ್ದನ್ನೇ ಉಂಡರು. ಗಂಡ ಸುಮ್ಮನೆ ನುಂಗಿದ. ಮೂರನೆಯ ದಿನ ಸಂಜೆ ಅವಳು ಬರುವಷ್ಟರಲ್ಲಿ ಡಬ್ಬಿಗಳೆಲ್ಲ ಹಳೆಯ ಜಾಗದಲ್ಲಿ ಕೂತಿದ್ದವು. ಅತ್ತೆ ಟಿವಿಯಿಂದ ಕಣ್ಣು ಕೀಳದೆ, ‘ಸರಿಯಾದ ವಸ್ತು, ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ. ಇದೇ ಅಲ್ವಾ ನಿನ್ನ ಓದು? ನಲವತ್ತು ವರ್ಷದಿಂದ ಮಾಡ್ತಿದ್ದೀನಿ, ನಂಗ್ಯಾರೂ ಡಿಗ್ರಿ ಕೊಡ್ಲಿಲ್ಲ ನೋಡು’ ಅಂದಿದ್ದರು. ಆಗ ನಕ್ಕಿದ್ದಳು. ಈಗ ಬಸ್ಸಿನಲ್ಲಿ ನಾಚಿಕೆಯಾಯಿತು.

ಬಾಯಿ ಬಿಡದಿದ್ದರೆ? ಪರೀಕ್ಷಕರಿಗೆ ಹೇಗೆ ಗೊತ್ತಾಗಬೇಕು? ಯಾರಿಗೂ ಗೊತ್ತಾಗುವುದಿಲ್ಲ. ಪ್ರಥಮ ದರ್ಜೆ ಬರುತ್ತದೆ, ಒಳಗಿನ ಉಸ್ತುವಾರಿ ಬರುತ್ತದೆ, ಗೋದಾಮಣ್ಣ ಗೇಟಿನ ಸ್ಟೂಲಿನ ಮೇಲೆ ಕೂತು ಲಾರಿಗಳ ನಂಬರು ಬರೆಯುತ್ತಾನೆ. ಬಾಯಿ ಬಿಟ್ಟರೆ, ನಾಲ್ಕನೆಯ ಅಧ್ಯಾಯ ಹೋದರೆ, ವರದಿಯಲ್ಲಿ ಉಳಿಯುವುದು ರಟ್ಟು ಮತ್ತು ತಂತಿ. ಮೂರು ವರ್ಷ ಬೆಳಗಿನ ಐದಕ್ಕೆ ಎದ್ದದ್ದೆಲ್ಲ ನೀರುಪಾಲು. ಅವಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವಾಗ ಸುಮ್ಮನಿರುವುದೆಂದು ತೀರ್ಮಾನಿಸಿದಳು. ಮೊದಲ ಮಹಡಿಯಲ್ಲಿ ಹೇಳುವುದೆಂದುಕೊಂಡಳು. ಎರಡನೆಯದರಲ್ಲಿ ಮತ್ತೆ ಸುಮ್ಮನಿರುವುದೆಂದಾಯಿತು. ಮೂರನೆಯ ಮಹಡಿಯ ಮೊಗಸಾಲೆಯಲ್ಲಿ ಸಹಪಾಠಿಗಳು ಗೋಡೆಗೊರಗಿ ಉಗುರು ಕಚ್ಚುತ್ತಾ ನಿಂತಿದ್ದರು. ‘ಮೇಡಂ, ನಿಮಗೇನು ಬಿಡಿ, ನಿಮ್ಮದು ಫಸ್ಟ್ ಕ್ಲಾಸ್ ಕಲ್ಲಲ್ಲಿ ಬರೆದ ಹಾಗೆ’ ಎಂದಳು ಒಬ್ಬ ಹುಡುಗಿ. ಅವಳಿಗೆ ಆ ಹುಡುಗಿಯ ಕಿವಿ ಹಿಂಡಬೇಕೆನ್ನಿಸಿತು.

ಒಳಗೆ ಉದ್ದ ಮೇಜು, ಮೂರು ನೀರಿನ ಬಾಟಲಿ. ದಾಖಲೆ ಮೇಷ್ಟ್ರ ಪಕ್ಕದಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿ. ನೆರೆತ ಕೂದಲು, ಗಿಡ್ಡ ಕತ್ತರಿಸಿದ್ದು. ಆಕೆ ಮೊದಲ ಮೂರು ಅಧ್ಯಾಯಗಳ ಬಗ್ಗೆ ಮೇಲುಮೇಲೆ ಕೇಳಿ ಮುಗಿಸಿದರು. ಅವಳ ಉತ್ತರ ಸಲೀಸಾಗಿ ಬಂತು. ಒಂದೆರಡು ಕಡೆ ತಾನೇ ಬೆರಗಾಗುವಷ್ಟು ಚೆನ್ನಾಗಿಯೂ ಬಂತು. ಆಮೇಲೆ ಪರೀಕ್ಷಕಿ ಕೆಂಪು ನಕ್ಷೆಯ ಪುಟ ತೆರೆದು ಅಂಗೈಯಿಂದ ಒತ್ತಿ ಹಿಡಿದರು. ‘ಇದು ನೋಡಿ, ಇದು! ನಾನ್ನೂರ ಹನ್ನೆರಡು ಒಳಗೆ, ಸೊನ್ನೆ ಹೊರಗೆ. ಇಷ್ಟು ವರ್ಷದಲ್ಲಿ ಇಂಥ ಕೋಷ್ಟಕ ನಾನು ನೋಡಿಲ್ಲ. ನನ್ನ ವಿದ್ಯಾರ್ಥಿಗಳಿಗೆ ತೋರಿಸ್ತೀನಿ, ಅಭ್ಯಂತರ ಇಲ್ಲ ತಾನೇ?’ ದಾಖಲೆ ಮೇಷ್ಟ್ರು ಹೆಮ್ಮೆಯಿಂದ ಅರಳಿ ಅವಳಿಗೆ ತಲೆಯಾಡಿಸುವಂತೆ ಕಣ್ಣಿನಲ್ಲೇ ಸೂಚಿಸಿದರು. ಅವಳು ಆಡಿಸಿದಳು. ಆಡಿಸಿದ ತಲೆ ನಡುದಾರಿಯಲ್ಲಿ ದಿಕ್ಕು ಬದಲಿಸಿ ಅಡ್ಡಕ್ಕೆ ಹೋಯಿತು. ನನ್ನ ಚೀಟಿ ಇದೆಯಲ್ಲ ಜೊತೆಗೆ ಎಂದು ಗೋದಾಮಣ್ಣ ಬೆನ್ನು ತಟ್ಟಿದ್ದು ಆಗಷ್ಟೇ ತಟ್ಟಿದಂತಿತ್ತು.

‘ಅದು ತಪ್ಪು ಮೇಡಂ.’

‘ಯಾವುದು?’

‘ಪೂರ್ತಿ ಅಧ್ಯಾಯ.’

ಮಾತು ಹೇಗೆ ಶುರುವಾಯಿತೋ, ನಿಲ್ಲಲಿಲ್ಲ. ತಂತಿ, ರಟ್ಟಿನ ತುಂಡು, ಬಂದರೂ ಸದ್ಯ, ಹೋದರೂ ಸದ್ಯ, ಬಸ್ಸಿನಲ್ಲಿ ಹಾಕಿದ ಜೋಡಿ, ಉಳಿದ ಆರು. ಪೆನ್ಸಿಲಿನ ಅಡ್ಡಾದಿಡ್ಡಿ ಗೆರೆಗಳನ್ನು ಮೇಜಿನ ಮೇಲೆ ತಿರುಗಿಸಿ ತೋರಿಸಿದಳು. ದಾಖಲೆ ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಪರೀಕ್ಷಕಿ ಪಟ್ಟಿಯ ಮೇಲೆ ಬೆರಳಾಡಿಸಿ, ‘ವಾಲ್ವು ಸದ್ಯ... ವಾಲ್ವು ಸದ್ಯ...’ ಎಂದು ಎರಡು ಬೇರೆ ಬೇರೆ ದನಿಯಲ್ಲಿ ಓದಿ ನೋಡಿದರು. ಒಮ್ಮೆ ಇಡುವ ದನಿ, ಒಮ್ಮೆ ಉಸಿರು ಬಿಡುವ ದನಿ. ಮೂರನೆಯ ಸಲ ಓದುವಷ್ಟರಲ್ಲಿ ಅವರ ಭುಜ ಕುಣಿಯತೊಡಗಿತ್ತು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೇಳಿದರು: ‘ಇವತ್ತು ಮಧ್ಯಾಹ್ನ ಗೊತ್ತಾಯ್ತು ಅಂತೀರಾ. ನಾನಂತೂ ಕಂಡುಹಿಡೀತಿರಲಿಲ್ಲ. ಸುಮ್ಮನಿರಬಹುದಿತ್ತಲ್ಲ?’

‘ಸುಮ್ಮನಿದ್ರೆ ನಮ್ಮಣ್ಣನ್ನ ಗೇಟಿಗೆ ಹಾಕ್ತಾರೆ ಮೇಡಂ.’

ಹತ್ತು ದಿನದಲ್ಲಿ ನಾಲ್ಕನೆಯ ಅಧ್ಯಾಯ ಹೊಸದಾಗಿ ಬರೆದು ಕೊಡಬೇಕು, ತಪ್ಪಿಗೆ ಅಂಕ ಕಡಿತ ಇದ್ದೇ ಇದೆ, ದ್ವಿತೀಯ ದರ್ಜೆ ಎಂದಾಯಿತು. ಹೊರಗೆ ಬಂದಾಗ ಹುಡುಗರು ಮುತ್ತಿಕೊಂಡು ಕೇಳಿದರು. ಸೆಕೆಂಡ್ ಕ್ಲಾಸ್ ಎಂದು ಹೇಳುವಷ್ಟರಲ್ಲಿ ಅವಳಿಗೇ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಮೊಗಸಾಲೆಯ ನೆಲದ ಮೇಲೆಯೇ ಕೂತುಬಿಟ್ಟಳು. ಮೇಡಂಗೆ ಆಘಾತವಾಗಿದೆ ಎಂದು ಯಾರೋ ನೀರು ತಂದರು.

ಆದರೆ ಗೋದಾಮಿನ ಗೇಟು ಕಂಡಾಗ ನಗು ಇಳಿದುಹೋಯಿತು. ಅಪರಿಚಿತರ ಮುಂದೆ ತಪ್ಪೊಪ್ಪಿಕೊಂಡದ್ದು ಸುಲಭದ ಕೆಲಸವೇ ಆಗಿತ್ತು. ಐದು ಗಂಟೆಯ ಲಾರಿ ಹೋಗಿತ್ತು, ಗೋದಾಮಣ್ಣ ಒಂದು ಪಂಪಿನ ಪೆಟ್ಟಿಗೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ. ಅವನೆದುರು ನಿಂತು ಅವಳು ಎಲ್ಲವನ್ನೂ ಹೇಳಿದಳು. ನಿಮ್ಮ ಚೀಟಿ ಇಟ್ಟುಕೊಂಡು ನಿಮ್ಮ ಮೂಲೆಯನ್ನೇ ತೆಗೆಯಿರಿ ಅಂತ ಬರೆದೆ ಅಣ್ಣ, ಮ್ಯಾನೇಜರಿಗೂ ಹೇಳಿದೆ, ನಿಮ್ಮನ್ನು ಗೇಟಿಗೆ ಹಾಕುವ ಮಾತಾಯಿತು, ನಾನು ಸುಮ್ಮನಿದ್ದೆ. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. ಗೋದಾಮಣ್ಣ ನೀವುವ ಕೈ ನಿಲ್ಲಿಸಿದ. ಅವನ ಮುಖ ಸಣ್ಣದಾಗಿತ್ತು, ಅದನ್ನು ಅವಳು ಕಣ್ಣಾರೆ ನೋಡಬೇಕಾಯಿತು.

‘ಗೇಟಲ್ಲಿ ಫ್ಯಾನಿದೆಯಾ?’ ಎಂದ ಕೊನೆಗೆ.

‘ಅಣ್ಣಾ!’

‘ಅಲ್ಲಮ್ಮ, ಕೇಳ್ದೆ. ಇರಲಿ. ಆ ಒಬ್ಬನ ತಲೆ ಮೇಲೆ ಅಂತ ಏನೋ ಬರ್ದಿದ್ದೀಯಲ್ಲ, ಅದನ್ನ ಇನ್ನೊಂದ್ಸಲ ಹೇಳು.’

‘ಈ ವ್ಯವಸ್ಥೆ ಒಬ್ಬ ವ್ಯಕ್ತಿಯ ತಲೆಯ ಮೇಲೆ ನಿಂತಿದೆ.’

‘ಅದನ್ನ ಅಳಿಸ್ಬೇಡ. ಲೆಕ್ಕ ತಪ್ಪಿದ್ರೂ ಆ ಮಾತು ಸರಿ ಇದೆ.’ ಅವನು ತಲೆ ಸವರಿಕೊಂಡ. ‘ನನ್ನ ಮಗಳಿಗೆ ಹೆರಿಗೆ ಆದಾಗ ಎರಡು ದಿನ ಹೋಗಿದ್ದೆ. ಮೂವತ್ತೊಂದು ಫೋನು. ಅದೆಲ್ಲಿ, ಇದೆಲ್ಲಿ, ಅದು ಯಾವುದರದ್ದು. ಆ ಕೂಸು ನನ್ನ ಪೂರ್ತಿ ಮುಖನೇ ನೋಡ್ಲಿಲ್ಲ, ಫೋನ್ ಹಿಡಿದ ಅರ್ಧ ಮುಖ ನೋಡ್ತು. ಈಗ ನಡೆಯುತ್ತಂತೆ. ನಾಲ್ಕು ದಿನ, ಪೂರ್ತಿ ನಾಲ್ಕು ದಿನ ಹೋಗಿ ಇರ್ಬೇಕು ನಂಗೆ. ಏನ್ ಬರೀಬೇಕೋ ಬರೀ, ಏನ್ ಕೇಳ್ಬೇಕೋ ಕೇಳು. ಈ ತಲೆ ಇಳಿಸ್ಕೊಡೇ ಮಾರಾಯ್ತಿ.’

ಮರುದಿನ ಅವಳು ಮ್ಯಾನೇಜರ್ ಮುಂದೆ ನಿಂತು ನಾನ್ನೂರ ಹನ್ನೆರಡಲ್ಲ, ಆರು ಎಂದಳು. ಮ್ಯಾನೇಜರ್ ಕನ್ನಡಕ ಸರಿಸಿ, ‘ಹಾಗಾದ್ರೆ ಗೇಟಿಗೆ ಯಾರನ್ನ ಹಾಕೋದು?’ ಎಂದು ಚಿಂತೆ ಮಾಡಿದ. ಅವನ ನಿಜವಾದ ತಾಪತ್ರಯ ಅದೊಂದೇ ಆಗಿತ್ತು. ಹತ್ತು ದಿನ ಸಂಜೆ ನಾಲ್ಕರಿಂದ ಆರರವರೆಗೆ ಗೋದಾಮಣ್ಣ ಮುಂದೆ ಮುಂದೆ ನಡೆಯುತ್ತಾ ಯಾವುದು ಎಲ್ಲಿದೆಯೆಂದು ಹೇಳಿದ, ಅವಳು ಹಿಂದೆ ಹಿಂದೆ ಬರೆದುಕೊಂಡಳು. ಚೀಟಿಯ ಮೇಲೆ ಇನ್ನು ‘ಬಂತು’, ‘ಹೋಯ್ತು’ ಎಂದು ಬರೆಯಬೇಕೆಂದಾಗ ಮಾತ್ರ ಅವನು ಮುಖ ಗಂಟಿಕ್ಕಿದ. ಅದರಲ್ಲಿ ಏನು ರುಚಿಯಿದೆ ಎಂದು ಕೇಳಿದ. ಮೂಲೆಗೆ ಹತ್ತೊಂಬತ್ತು ಎಂದು ಸಂಖ್ಯೆ ಬಿತ್ತು. ಅಧ್ಯಾಯಕ್ಕೆ ಅವಳು ಹೊಸ ಹೆಸರಿಟ್ಟು, ಮೊದಲ ಪುಟದಲ್ಲಿ ಗೋದಾಮಣ್ಣನ ಸಂಬಳದ ದಿನದ ಪೂರ್ತಿ ಹೆಸರು ಬರೆದು ಕೃತಜ್ಞತೆ ಹೇಳಿದಳು. ಅವನು ಅದನ್ನು ನಾಲ್ಕು ಸಲ ಓದಿಸಿಕೊಂಡು ಕೇಳಿ, ನಾಲ್ಕು ದಿನದ ರಜೆ ಚೀಟಿ ಬರೆದ. ಹೊರಡುವಾಗ ಎಲ್ಲರ ಎದುರು ಬೆರಳಾಡಿಸಿ, ‘ಯಾರೂ ಫೋನ್ ಮಾಡ್ಕೂಡದು. ಮಾಡಿದ್ರೆ ನೋಡಿ ಮತ್ತೆ’ ಅಂದ.

ಸೋಮವಾರ ಯಾರೂ ಮಾಡಲಿಲ್ಲ. ಮಂಗಳವಾರ ಹನ್ನೊಂದರ ಹೊತ್ತಿಗೆ ಮೂರು ಲಾರಿ ತುಂಬಿಸಿ ಕಳಿಸಿಯಾಗಿತ್ತು. ಕೇಳಿದ್ದೆಲ್ಲ ಪಟ್ಟಿಯಲ್ಲಿ ಸಿಗುತ್ತಿತ್ತು, ಪಟ್ಟಿ ಹೇಳಿದ ಜಾಗದಲ್ಲಿ ಮಾಲು ಇರುತ್ತಿತ್ತು. ಗೋದಾಮು ಇಷ್ಟು ತಣ್ಣಗಿದ್ದದ್ದನ್ನು ಅವಳು ಕಂಡಿರಲಿಲ್ಲ. ತನ್ನ ಕೆಲಸ ಇದು, ತಾನು ಓದಿದ್ದು ಇದಕ್ಕೇ ಎಂದು ಹಿಗ್ಗಿ, ಹನ್ನೊಂದನೇ ಸಾಲಿನಲ್ಲಿ ಮಿಕ್ಸಿಯ ಬೆಲ್ಟೊಂದನ್ನು ಕೈಗೆತ್ತಿಕೊಳ್ಳುತ್ತಿದ್ದಾಗ ಫೋನು ಬಡಿದುಕೊಂಡಿತು. ಗೋದಾಮಣ್ಣ. ಹಿಂದೆ ಮಗುವೊಂದು ಏನನ್ನೋ ಕುಟ್ಟುತ್ತಿತ್ತು.

‘ಏನಮ್ಮ, ಯಾರೂ ಫೋನೇ ಮಾಡ್ಲಿಲ್ಲ?’

‘ನೀವೇ ಬೇಡ ಅಂದ್ರಲ್ಲ ಅಣ್ಣ.’

‘ಅಂದೆ, ಅಂದೆ. ಎಲ್ಲಾ ಸಿಗ್ತಿದೆಯಾ?’

‘ಎಲ್ಲಾ ಸಿಗ್ತಿದೆ ಅಣ್ಣ. ಒಂದೂ ತೊಂದರೆ ಇಲ್ಲ. ನೀವು ಆರಾಮಾಗಿರಿ.’

‘ಹೌದಾ’ ಎಂದ. ಮಗು ಕುಟ್ಟುವುದು ಕೇಳಿಸುತ್ತಿತ್ತು. ‘ಒಳ್ಳೇದಾಯ್ತು ಬಿಡು’ ಎಂದ ದನಿ ಅವಳು ಈವರೆಗೆ ಕೇಳಿದ ಗೋದಾಮಣ್ಣನದಾಗಿರಲಿಲ್ಲ. ಅವಳು ಕೈಯಲ್ಲಿದ್ದ ಬೆಲ್ಟನ್ನು ನೋಡಿದಳು.

‘ಅಣ್ಣಾ ಅಣ್ಣಾ, ಇಡಬೇಡಿ. ಒಂದೇ ಒಂದು ಸಿಗ್ತಿಲ್ಲ. ಬೆಳಗಿಂದ ಹುಡುಕಿ ಸಾಕಾಯ್ತು. ಮಿಕ್ಸಿ ಬೆಲ್ಟು, ಸಣ್ಣದು.’

‘ನಂಗೊತ್ತಿತ್ತು!’ ಎಂಬ ಕೂಗಿಗೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ‘ಗೊತ್ತಿತ್ತು ನಂಗೆ! ಹನ್ನೊಂದನೇ ಸಾಲಿಗೆ ಹೋಗು. ಹೋದ್ಯಾ? ಬಲಗಡೆ. ಎದೆ ಮಟ್ಟಕ್ಕೆ ಒಂದು ಹಳದಿ ಡಬ್ಬಿ ಇರುತ್ತೆ, ಅದರ ಹಿಂದೆ ಕೈ ಹಾಕು. ಕೈ ಹಾಕಿದ್ಯಾ? ಸ್ವಲ್ಪ ಒಳಗೆ. ಇನ್ನೂ ಸ್ವಲ್ಪ. ಸಿಕ್ತಾ?’

‘ತಾಳಿ ಅಣ್ಣ, ಇನ್ನೂ ಇಲ್ಲ’ ಎಂದಳು ಅವಳು, ಬೆಲ್ಟನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. ‘ಇನ್ನೊಂದ್ಸಲ ಹೇಳಿ.’